ಕಾರ್ಡ್ 83 ಡಿಗ್ರಿ ಸರಿ, ರೂಮ್ ಎಷ್ಟಿದೆ?

ಪ್ರಶ್ನೆ: ನಮ್ಮದು ಸಿಂಧನೂರು. ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಸೆಕೆಂಡ್ ಹ್ಯಾಂಡ್ ತಗೊಂಡೆ. ಗೇಮ್ ಆಡುವಾಗ 83 ಡಿಗ್ರಿ ತೋರಿಸುತ್ತದೆ, ಫ್ಯಾನ್ ಸದ್ದಿಗೆ ಪಕ್ಕದ ರೂಮಿನಿಂದ ಅಪ್ಪ ಬೈಯುತ್ತಾರೆ. ಯೂಟ್ಯೂಬ್ ರಿವ್ಯೂನಲ್ಲಿ ಇದೇ ಕಾರ್ಡ್ 67 ದಾಟಲಿಲ್ಲ. ನನಗೆ ಹಾಳಾದ ಕಾರ್ಡ್ ಕೊಟ್ಟರಾ? ಮನೆಯಲ್ಲೇ ಟೆಸ್ಟ್ ಮಾಡಬಹುದಾ?

ಉತ್ತರ: ಆ ರಿವ್ಯೂ ಮಾಡಿದವರ ರೂಮ್ 22 ಡಿಗ್ರಿ ಇತ್ತು ಅಂದುಕೊಳ್ಳಿ, ನಿಮ್ಮದು ಮೇ ತಿಂಗಳ ಮಧ್ಯಾಹ್ನ 38. ಎರಡರಲ್ಲೂ ರೂಮಿನ ಬಿಸಿ ಕಳೆದರೆ ಉಳಿಯುವುದು 45. ಅಲ್ಲಿಗೆ ನಿಮ್ಮ ಕಾರ್ಡ್ ಅಷ್ಟೇನೂ ಕೆಟ್ಟಿಲ್ಲ ಅಲ್ವಾ? ಹಾಗಾಗಿ ಮೊದಲು ಒಂದು ಸಣ್ಣ ಥರ್ಮಾಮೀಟರ್ ತಗೊಂಡು ಕ್ಯಾಬಿನೆಟ್ ಗಾಳಿ ಎಳೆಯುವ ಕಡೆ ಇಡಿ. ನಮ್ಮ ರಾಯಚೂರು, ಬಳ್ಳಾರಿ ಕಡೆ ಅದಿಲ್ಲದೆ ಮಾಡಿದ ಟೆಸ್ಟ್‌ಗೆ ಅರ್ಥವೇ ಇಲ್ಲ.

ಆದರೆ ಒಂದು ಮಾತಿದೆ. ಫ್ಯಾನ್ ಆಟೋ ಮೋಡ್‌ನಲ್ಲಿದ್ದರೆ ಬಿಸಿ ಏರಿದಷ್ಟೂ ಅದೇ ಜೋರಾಗಿ ತಿರುಗಿ ಸಮಸ್ಯೆಯನ್ನು ಮುಚ್ಚಿಬಿಡುತ್ತದೆ. ಆಫ್ಟರ್‌ಬರ್ನರ್ (ಕಾರ್ಡ್‌ನ ಫ್ಯಾನ್, ಪವರ್ ಹೊಂದಿಸುವ ಸಾಫ್ಟ್‌ವೇರ್) ತೆರೆದು ಫ್ಯಾನ್ 65 ಪರ್ಸೆಂಟ್‌ಗೆ ಕಟ್ಟಿಹಾಕಿ, ಯುನಿಜಿನ್ ಹೆವನ್ ಅನ್ನುವ ಗ್ರಾಫಿಕ್ಸ್ ಟೆಸ್ಟ್ ಹಾಕಿ ಅರ್ಧ ಗಂಟೆ ಓಡಲು ಬಿಡಿ. ಫರ್‌ಮಾರ್ಕ್ ಅನ್ನುವ ಅತಿ ಭಾರದ ಟೆಸ್ಟ್ ಬೇಡ, ಯಾವ ಗೇಮೂ ಕಾರ್ಡನ್ನು ಅಷ್ಟು ಗೋಳಾಡಿಸುವುದಿಲ್ಲ. ಪಕ್ಕದಲ್ಲಿ ಬಿಸಿ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ತೆರೆದು ಹಾಟ್‌ಸ್ಪಾಟ್, ಅಂದರೆ ಚಿಪ್‌ನ ಅತಿ ಬಿಸಿ ಜಾಗದ ಡಿಗ್ರಿ, ನೋಡುತ್ತಿರಿ. ಜಿಪಿಯು (ಕಾರ್ಡ್‌ನ ಮುಖ್ಯ ಚಿಪ್) ಬಿಸಿಗಿಂತ ಅದು 10–15 ಡಿಗ್ರಿ ಮೇಲಿದ್ದರೆ ಮಾಮೂಲು. 25–30 ಜಾಸ್ತಿ ಇದ್ದರೆ ಚಿಪ್‌ನ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದೆ ಅಥವಾ ಆ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ ಅಂತ ಅನುಮಾನಪಡಿ. ಆಮೇಲೆ ಸೈಡ್ ಪ್ಯಾನೆಲ್ ತೆಗೆದು ಇನ್ನೊಮ್ಮೆ ಓಡಿಸಿ. ಆಗ ಎಂಟು-ಹತ್ತು ಡಿಗ್ರಿ ಇಳಿದರೆ ಕಾರ್ಡ್ ಮಾರಿದವರನ್ನು ಬೈಯಬೇಡಿ, ನಿಮ್ಮ ಕ್ಯಾಬಿನೆಟ್‌ಗೆ ಗಾಳಿ ಸಾಲುತ್ತಿಲ್ಲ.

ಪರ್ಫಾರ್ಮೆನ್ಸ್ ನೋಡುವುದಕ್ಕೆ ಒಂದೇ ಸೀನ್‌ನಲ್ಲಿ ಎರಡನೇ ನಿಮಿಷದ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ), ಇಪ್ಪತ್ತನೇ ನಿಮಿಷದ ಎಫ್‌ಪಿಎಸ್ ಬರೆದಿಟ್ಟುಕೊಳ್ಳಿ, ಜೊತೆಗೆ ಕ್ಲಾಕ್, ಅಂದರೆ ಚಿಪ್‌ನ ಸ್ಪೀಡ್ ಕೂಡ. ಇಪ್ಪತ್ತನೇ ನಿಮಿಷಕ್ಕೆ ಎರಡೂ ಇಳಿದಿದ್ದರೆ ಬಿಸಿಗೆ ಕಾರ್ಡ್ ನಿಧಾನವಾಗಿರಬಹುದು. ಈ ಕಾರ್ಡ್‌ಗಳು ಸಾಮಾನ್ಯವಾಗಿ 83ರ ಹತ್ತಿರ ಬಂದಾಗ ತಾವೇ ಸ್ಪೀಡ್ ಇಳಿಸಿಕೊಳ್ಳುತ್ತವೆ. ಅದಕ್ಕೇ ನಿಮ್ಮದು ಅಲ್ಲೇ ನಿಂತಿರಬಹುದು. ಎನ್‌ವಿಡಿಯಾ ಈ ಚಿಪ್‌ಗೆ ಹೇಳಿರುವ ಗರಿಷ್ಠ ಮಿತಿ 93, ಸುಟ್ಟುಹೋಗುತ್ತೆ ಅನ್ನುವ ಭಯ ಬೇಡ.

ಇನ್ನು ಸದ್ದು. ಮೊಬೈಲ್ ಡೆಸಿಬಲ್ ಆ್ಯಪ್ ತೋರಿಸುವ ನಂಬರ್ ನಿಖರ ಅಲ್ಲ, ಆದರೆ ಅದೇ ಮೊಬೈಲ್, ಅದೇ ಜಾಗ, ಅರ್ಧ ಮೀಟರ್ ದೂರ ಇಟ್ಟರೆ ಎರಡು ಅಳತೆಗಳ ನಡುವಿನ ವ್ಯತ್ಯಾಸ ನಂಬಬಹುದು. ಸೀಲಿಂಗ್ ಫ್ಯಾನ್, ಏರ್ ಕೂಲರ್ ಎರಡೂ ಬಂದ್ ಮಾಡಬೇಕು (ಬೆವರು ಸುರಿಯುತ್ತೆ, ರಾತ್ರಿ ಹನ್ನೊಂದರ ಮೇಲೆ ಮಾಡಿ). ಸದ್ದು ಯಾವ ತರಹದ್ದು ಅನ್ನುವುದೂ ಮುಖ್ಯ. ಗಾಳಿಯ ಭರ್ ಸದ್ದಾದರೆ ಬರೀ ವೇಗದ್ದು. ಯಾವುದೋ ಒಂದು ಆರ್‌ಪಿಎಂನಲ್ಲಿ (ಫ್ಯಾನ್ ತಿರುಗುವ ವೇಗ) ಮಾತ್ರ ಗರಗರ ಅಂದರೆ ಬೇರಿಂಗ್ ಸವೆದಿರಬಹುದು, ಫ್ಯಾನ್ ಬದಲಿಸಬೇಕಾಗಬಹುದು. ಕಿಂಯ್ ಅಂತ ಸಣ್ಣಗೆ ಕೂಗಿ, ಎಫ್‌ಪಿಎಸ್ 60ಕ್ಕೆ ಕಟ್ಟಿದಾಗ ಕಮ್ಮಿಯಾದರೆ ಅದು ಕಾಯಿಲ್ ವೈನ್ (ಕಾರ್ಡ್‌ನ ಕರೆಂಟ್ ಸುರುಳಿಗಳು ಕಂಪಿಸುವ ಸದ್ದು), ಅದಕ್ಕೂ ಫ್ಯಾನ್‌ಗೂ ಸಂಬಂಧವಿಲ್ಲ.

ಧೂಳು ತೆಗೆಯುವಾಗ ದಯವಿಟ್ಟು ಪಂಚರ್ ಅಂಗಡಿಗೆ ಹೋಗಬೇಡಿ. ಆ ಕಂಪ್ರೆಸರ್ ಗಾಳಿಯಲ್ಲಿ ನೀರಿನ ಹನಿ ಇರುತ್ತೆ. ಕೈ ಬ್ಲೋವರ್ ಸಾಕು. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ, ಸುಮ್ನೆ ಬಿಟ್ಟರೆ ಹುಚ್ಚಾಪಟ್ಟೆ ತಿರುಗಿ ಬೇರಿಂಗ್ ಹಾಳಾಗುತ್ತೆ. ಕೂಲರ್‌ನ ತೇವದ ಗಾಳಿಯೂ ನೇರವಾಗಿ ಕ್ಯಾಬಿನೆಟ್‌ಗೆ ಬಡಿಯಬಾರದು. ಕೊಪ್ಪಳದ ಗಿಣಿಗೇರಿ ಕಡೆಯ ಕಾರ್ಖಾನೆ ಧೂಳು, ಸಂಡೂರು ಕಡೆಯ ಕೆಂಪು ಮಣ್ಣು ತೇವ ಸೇರಿದರೆ ಹೀಟ್‌ಸಿಂಕ್ ಸಂದಿಯಲ್ಲಿ ಗಟ್ಟಿಯಾಗಿ ಕೂರುತ್ತೆ, ಆಮೇಲೆ ಊದಿದರೂ ಬರಲ್ಲ.

ಇಷ್ಟೆಲ್ಲ ನೋಡಿ ಕಾರ್ಡ್ ಸರಿಯಿದೆ ಅಂತಾದರೆ ಬೇಸಿಗೆ ಮುಗಿಯುವವರೆಗೆ ಆಫ್ಟರ್‌ಬರ್ನರ್‌ನಲ್ಲೇ ಪವರ್ ಲಿಮಿಟ್ (ಕಾರ್ಡ್ ಎಳೆಯಬಹುದಾದ ಕರೆಂಟ್‌ನ ಮಿತಿ) 80 ಪರ್ಸೆಂಟ್‌ಗೆ ಇಳಿಸಿ. 170 ವ್ಯಾಟ್ ಕಾರ್ಡ್ 136ಕ್ಕೆ ಬರುತ್ತೆ, ಎಫ್‌ಪಿಎಸ್ ಸ್ವಲ್ಪ ಹೋಗುತ್ತೆ, ಆದರೆ ಫ್ಯಾನ್ ಸದ್ದು ಎಷ್ಟೋ ಕಮ್ಮಿಯಾಗುತ್ತೆ. ಪೇಸ್ಟ್ ಬದಲಿಸಲು ಸ್ಕ್ರೂ ಬಿಚ್ಚುವ ಮುಂಚೆ ವಾರಂಟಿ ಉಳಿದಿದೆಯಾ ಅಂತ ಮಾರಿದವರನ್ನೇ ಕೇಳಿ, ಹಳೇ ಬಿಲ್ ಇಸ್ಕೊಳ್ಳಿ.