25 ಪೌಂಡಿನ ವಾಲೈ ನಿಜವಾಗಿ ಇತ್ತಾ? ಆ ದಾಖಲೆಯನ್ನು ಯಾರಾದರೂ ಮುರಿಯುತ್ತಾರಾ?

ನೀವು ಕೇಳಿರುವುದು ಎರಡು ಪ್ರಶ್ನೆ. (ವಾಲೈ ಗೊತ್ತಿಲ್ಲದವರಿಗೆ: ಅದು ಉತ್ತರ ಅಮೆರಿಕದ ಸಿಹಿನೀರಿನ ಬೇಟೆಗಾರ ಮೀನು.) 1960ರ 25 ಪೌಂಡಿನ ವಾಲೈ ದಾಖಲೆ ನಂಬುವಂಥದ್ದಾ, ಅದು ಎಂದಾದರೂ ಮುರಿಯುತ್ತಾ ಅನ್ನುವುದು ಒಂದು. ವಿನ್ನಿಪೆಗ್‌ನಲ್ಲಿರುವ ನಿಮ್ಮ ಭಾವ 31 ಇಂಚಿನ ಮೀನು ಹಿಡಿದು "13 ಪೌಂಡ್ ಇತ್ತು" ಅಂತ ಫೋಟೋ ಕಳಿಸಿದ್ದಾರಲ್ಲ, ಅವರು ಬಿಡುತ್ತಿರುವುದು ರೈಲಾ ಅನ್ನುವುದು ಇನ್ನೊಂದು. ನಾನು ಓಹಾಯೋದಲ್ಲಿ, ಈರಿ ಸರೋವರದ ಹತ್ತಿರವೇ ಇರುವವನು. ವಾಲೈಗೆ ಗಾಳ ಹಾಕುವ ಚಟ ಹತ್ತಿ ಬಹಳ ಕಾಲವಾಯಿತು, ಈ ಜಗಳ ಇಲ್ಲಿ ದೋಣಿ ಏರಿದ ಕೂಡಲೇ ಶುರುವಾಗುತ್ತದೆ. ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನ್ನ ಅನಿಸಿಕೆ ಮೊದಲೇ ಹೇಳಿಬಿಡುತ್ತೇನೆ. ಆ ಮೀನಿನ ತೂಕ ನಿಜವಿರಬಹುದು. ಆದರೆ ಅದರ ಜೊತೆ ಬರೆದಿಟ್ಟ ಸುತ್ತಳತೆ ನಿಜವಲ್ಲ.

ಕಥೆ ಗೊತ್ತಿಲ್ಲದವರಿಗಾಗಿ: 1960ರ ಆಗಸ್ಟ್ 2ರಂದು ಟೆನೆಸಿಯ ಓಲ್ಡ್ ಹಿಕರಿ ಜಲಾಶಯದಲ್ಲಿ ಮೇಬ್ರಿ ಹಾರ್ಪರ್ ಅನ್ನುವವರು ಒಂದು ವಾಲೈ ಹಿಡಿದರು. ತೂಕ 25 ಪೌಂಡ್, ಅಂದರೆ ಸುಮಾರು 11.3 ಕಿಲೋ. ಉದ್ದ 41 ಇಂಚು, ಸುತ್ತಳತೆ 29 ಇಂಚು. ಗಾಳದ ದಾಖಲೆಗಳನ್ನು ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಜಿಎಫ್‌ಎ ಇವತ್ತಿಗೂ ಇದನ್ನೇ ವಿಶ್ವದಾಖಲೆ ಅನ್ನುತ್ತದೆ. ವಿಸ್ಕಾನ್ಸಿನ್‌ನ ಹೇವರ್ಡ್‌ನಲ್ಲಿ ಸಿಹಿನೀರಿನ ಮೀನುಗಾರಿಕೆಗೆ ಅಂತಲೇ ಇನ್ನೊಂದು ಸಂಸ್ಥೆ ಇದೆ, ಹಾಲ್ ಆಫ್ ಫೇಮ್ ಅಂತ. ಅವರು 1990ರ ದಶಕದಲ್ಲಿ ಹಳೇ ಫೋಟೋವನ್ನು ಮತ್ತೆ ಪರಿಶೀಲಿಸಿ, ಇದು ಅಷ್ಟು ದೊಡ್ಡ ಮೀನಲ್ಲ ಅಂತ ಹೇಳಿ ಪಟ್ಟಿಯಿಂದ ತೆಗೆದರು. ಅವರ ಲೆಕ್ಕದಲ್ಲಿ ದಾಖಲೆ ಅಂದರೆ ಅರ್ಕನ್ಸಾದ ಗ್ರೀರ್ಸ್ ಫೆರಿಯಲ್ಲಿ 1982ರ ಮಾರ್ಚ್‌ನಲ್ಲಿ ಆಲ್ ನೆಲ್ಸನ್ ಹಿಡಿದ 22 ಪೌಂಡ್ 11 ಔನ್ಸಿನ ಮೀನು. ಒಂದೇ ಮೀನಿಗೆ ಎರಡು ಸಂಸ್ಥೆ, ಎರಡು ತೀರ್ಪು. ಜಗಳ ಇನ್ನೂ ನಿಂತಿಲ್ಲ ಅಂದರೆ ಆಶ್ಚರ್ಯ ಏನು?

ಈಗ ಲೆಕ್ಕಕ್ಕೆ ಬರೋಣ. ಫೋಟೋ ನೋಡಿ ಜಗಳ ಆಡುವುದಕ್ಕಿಂತ ಇದು ವಾಸಿ. ತಕ್ಕಡಿ ಇಲ್ಲದಾಗ ಗಾಳದವರು ಒಂದು ಸೂತ್ರ ಹಾಕುತ್ತಾರೆ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 800ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ ಬರುತ್ತದೆ. ಹಾರ್ಪರ್ ಮೀನಿಗೆ ಹಾಕಿ ನೋಡಿ, 43 ಪೌಂಡ್ ಬರುತ್ತದೆ! ವಾಲೈ ಸ್ವಲ್ಪ ತೆಳ್ಳಗಿನ ಮೀನು, 900ರಿಂದ ಭಾಗಿಸಬೇಕು ಅನ್ನುವವರೂ ಇದ್ದಾರೆ. ಹಾಗೆ ಮಾಡಿದರೂ 38 ಪೌಂಡ್. ತಕ್ಕಡಿ ತೋರಿಸಿದ್ದು 25. 41 ಇಂಚಿನ ವಾಲೈ 25 ಪೌಂಡ್ ತೂಗಬೇಕಾದರೆ ಅದರ ಸುತ್ತಳತೆ 22ರಿಂದ 23 ಇಂಚಿನ ಆಸುಪಾಸು ಇರಬೇಕು, 29 ಅಲ್ಲ.

ಹಾಗಾದರೆ ಸುಳ್ಳು ಅಂತೀರಾ? ನಿಲ್ಲಿ. ಇನ್ನೊಂದು ಸೂತ್ರ ಇದೆ, ಬರೀ ಉದ್ದದ್ದು. ಇಂಚಿನಲ್ಲಿ ಉದ್ದ × ಉದ್ದ × ಉದ್ದ ಮಾಡಿ 2700ರಿಂದ ಭಾಗಿಸುವುದು. 30 ಇಂಚಿನ ವಾಲೈಗೆ ಸರಿಯಾಗಿ 10 ಪೌಂಡ್ ಬರುತ್ತದೆ, ಇಲ್ಲಿ ದಡದಲ್ಲಿ ಎಲ್ಲರೂ ಬಾಯಿಲೆಕ್ಕದಲ್ಲಿ ಹೇಳುವುದೂ ಅದನ್ನೇ. ಮಿನೆಸೋಟಾ ರಾಜ್ಯದ ದಾಖಲೆ 1979ರ ಮೇ ತಿಂಗಳಿನದು, ಸೀಗಲ್ ನದಿ ಸಗನಾಗಾ ಸರೋವರಕ್ಕೆ ಸೇರುವ ಕಡೆ ಸಿಕ್ಕ ಮೀನು. 35.8 ಇಂಚು, ತಕ್ಕಡಿಯಲ್ಲಿ 17 ಪೌಂಡ್ 8 ಔನ್ಸ್. ಸೂತ್ರ 17 ಅನ್ನುತ್ತದೆ. ಹತ್ತಿರ ಬಂತಲ್ವಾ? ಈಗ ಇದನ್ನೇ 41 ಇಂಚಿಗೆ ಹಾಕಿ. 25.5 ಪೌಂಡ್! ಅಂದರೆ ಹಾರ್ಪರ್ ಮೀನಿನ ಉದ್ದ ಮತ್ತು ತೂಕ ಒಂದಕ್ಕೊಂದು ಚೆನ್ನಾಗಿಯೇ ಹೊಂದುತ್ತವೆ, ಸುತ್ತಳತೆ ಒಂದೇ ಎಲ್ಲಿಂದಲೋ ಬಂದು ಕೂತಿದೆ. ಯಾರೋ ಟೇಪನ್ನು ಸಡಿಲವಾಗಿ ಸುತ್ತಿದರೋ, ರೆಕ್ಕೆ ಸೇರಿಸಿ ಅಳೆದರೋ, ಬರೆಯುವಾಗ ಅಂಕಿ ಅದಲುಬದಲಾಯಿತೋ. ಮೋಸ ಮಾಡುವವನಾಗಿದ್ದರೆ ಮೂರೂ ಅಂಕಿ ಹೊಂದುವ ಹಾಗೆ ಬರೆಯುತ್ತಿದ್ದ ಅನ್ನುವುದು ನನ್ನ ವಾದ. ನನ್ನ ಜೊತೆ ದೋಣಿಗೆ ಬರುವ ಗೆಳೆಯನೊಬ್ಬ ಇದನ್ನು ಒಪ್ಪುವುದೇ ಇಲ್ಲ. ಸುತ್ತಳತೆ ತಪ್ಪು ಬರೆದವರು ಉದ್ದವನ್ನು ಮಾತ್ರ ಸರಿಯಾಗಿ ಬರೆದರು ಅಂತ ಹೇಗೆ ನಂಬುತ್ತೀಯ ಅಂತಾನೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಪ್ರಶ್ನೆ ಚೆನ್ನಾಗೇ ಇದೆ.

ಅನುಮಾನ ಪಡುವವರು ತಿಂಗಳನ್ನೂ ಎತ್ತಿ ಹಿಡಿಯುತ್ತಾರೆ. ವಾಲೈ ಮೊಟ್ಟೆ ಇಡುವುದು ಚಳಿಗಾಲ ಮುಗಿದ ಕೂಡಲೇ, ಉತ್ತರದ ಕಡೆ ಮಂಜುಗಡ್ಡೆ ಕರಗುತ್ತಿದ್ದ ಹಾಗೆ. ದೈತ್ಯ ಮೀನುಗಳೆಲ್ಲ ಹೆಣ್ಣು, ಆ ಹೊತ್ತಿಗೆ ಹೊಟ್ಟೆ ತುಂಬ ಮೊಟ್ಟೆ ಇರುವುದರಿಂದ ತೂಕವೂ ಜಾಸ್ತಿ. ನೆಲ್ಸನ್‌ಗೆ ಸಿಕ್ಕಿದ್ದು ಮಾರ್ಚ್‌ನಲ್ಲಿ, ಅದು ಅರ್ಥವಾಗುತ್ತದೆ. ವಾಷಿಂಗ್ಟನ್ ರಾಜ್ಯದ ದಾಖಲೆ 20.32 ಪೌಂಡ್, ಕೊಲಂಬಿಯಾ ನದಿಯಲ್ಲಿ ಸಿಕ್ಕಿದ್ದು, 2014ರ ಫೆಬ್ರವರಿ ಕೊನೆಯಲ್ಲಿ. ಹಾರ್ಪರ್ ಮೀನು ಮಾತ್ರ ಆಗಸ್ಟ್‌ನದು, ಹೊಟ್ಟೆ ಖಾಲಿಯಾಗಿ ತಿಂಗಳುಗಳೇ ಕಳೆದಿರುವ ಕಾಲ. ಇದು ಸುಮ್ನೆ ತಳ್ಳಿಹಾಕುವ ಮಾತಲ್ಲ.

ಆದರೆ ದಕ್ಷಿಣದ ವಾಲೈ ಬೇರೆಯೇ. ಕಂಬರ್‌ಲ್ಯಾಂಡ್, ಟೆನೆಸಿಯಂಥ ನದಿಗಳಲ್ಲಿ ಮೊದಲಿನಿಂದ ಇದ್ದ ತಳಿ ಉತ್ತರದ ಸರೋವರದ ತಳಿಗಿಂತ ಬೇಗ, ದೊಡ್ಡದಾಗಿ ಬೆಳೆಯುತ್ತಿತ್ತು. ಅಲ್ಲಿ ಚಳಿಗಾಲ ಚಿಕ್ಕದು, ಮೇಯುವ ಕಾಲ ಉದ್ದ, ತಿನ್ನಲು ಕೊಬ್ಬಿದ ಶ್ಯಾಡ್ ಮೀನು ರಾಶಿ ರಾಶಿ. ಅದರ ಮೇಲೆ ಅಣೆಕಟ್ಟು ಕಟ್ಟಿದಾಗ ಹೊಸ ಜಲಾಶಯದಲ್ಲಿ ಮೊದಲ ಕೆಲವು ವರ್ಷ ಮೀನುಗಳಿಗೆ ಹಬ್ಬ. ಓಲ್ಡ್ ಹಿಕರಿ 1950ರ ದಶಕದ ಅಣೆಕಟ್ಟು. ಗ್ರೀರ್ಸ್ ಫೆರಿಯನ್ನು 1963ರಲ್ಲಿ ಅಧ್ಯಕ್ಷ ಕೆನಡಿ ಬಂದು ಉದ್ಘಾಟಿಸಿದ್ದರು. ಎರಡು ದೈತ್ಯ ಮೀನುಗಳೂ ಹೊಸ ನೀರಿನಲ್ಲಿ ಬೆಳೆದ ಹಳೇ ನದಿ ತಳಿಯವು ಅಂತಲೇ ನಾನು ನೋಡುವುದು. ಆಮೇಲೆ ಅದೇ ಅಣೆಕಟ್ಟುಗಳಿಂದ ಮೊಟ್ಟೆ ಇಡುವ ಕಲ್ಲುಹಾಸಿನ ಜಾಗಗಳು ಮುಳುಗಿದವು, ದಾರಿ ಮುಚ್ಚಿತು. ತಳಿ ಕಮ್ಮಿಯಾಯಿತು ಅಂತ ಸರ್ಕಾರದವರು ಉತ್ತರದಿಂದ ಮರಿ ತಂದು ಬಿಟ್ಟರು, ಇದ್ದಬದ್ದ ಹಳೇ ತಳಿಯೂ ಅದರ ಜೊತೆ ಬೆರೆತುಹೋಯಿತು. ಹಾರ್ಪರ್ ದಾಖಲೆ ಇಷ್ಟು ಕಾಲ ನಿಂತಿರುವುದಕ್ಕೆ ನನ್ನ ಪ್ರಕಾರ ಇದೇ ದೊಡ್ಡ ಕಾರಣ.

ನಿಮ್ಮ ಪ್ರಶ್ನೆಯಲ್ಲಿ "ಎಲ್ಲಾ ಮೋಸ ಅಂತಾರಲ್ಲ" ಅಂತ ಒಂದು ಸಾಲಿದೆ. ಅದು ಎಲ್ಲಿಂದ ಬಂತು ಅಂತ ಗೊತ್ತು. 2022ರ ಸೆಪ್ಟೆಂಬರ್ 30ರಂದು ನಮ್ಮ ಕ್ಲೀವ್‌ಲ್ಯಾಂಡ್‌ನಲ್ಲೇ ಒಂದು ವಾಲೈ ಪಂದ್ಯದಲ್ಲಿ ಇಬ್ಬರ ಐದು ಮೀನು ಸೇರಿ ಸುಮಾರು 34 ಪೌಂಡ್ ತೂಗಿದವು. ಆ ಗಾತ್ರದ ಐದು ಮೀನು 20 ಪೌಂಡ್ ಇದ್ದರೆ ಜಾಸ್ತಿ. ಪಂದ್ಯ ನಡೆಸುತ್ತಿದ್ದವರು ಎಲ್ಲರ ಎದುರೇ ಚಾಕು ಹಾಕಿ ಹೊಟ್ಟೆ ಸೀಳಿದರು. ಒಳಗೆ ಸೀಸದ ಗುಂಡುಗಳು, ಜೊತೆಗೆ ಬೇರೆ ವಾಲೈ ಮೀನಿನ ತುಂಡುಗಳು! ಸೀಸವೇ 7 ಪೌಂಡಿನಷ್ಟಿತ್ತು. ಬಹುಮಾನ 28 ಸಾವಿರ ಡಾಲರ್ ಮೇಲಿತ್ತು. ಇಬ್ಬರೂ ಮರುವರ್ಷ ನ್ಯಾಯಾಲಯದಲ್ಲಿ ತಪ್ಪು ಒಪ್ಪಿಕೊಂಡರು. 10 ದಿನ ಜೈಲಾಯಿತು, ದೋಣಿಯೂ ಹೋಯಿತು. ಆ ವಿಡಿಯೋ ಪ್ರಪಂಚ ಎಲ್ಲ ಸುತ್ತಿತು, ಅವತ್ತಿನಿಂದ ಯಾರು ದೊಡ್ಡ ವಾಲೈ ಫೋಟೋ ಹಾಕಿದರೂ ಕೆಳಗೆ "ಹೊಟ್ಟೆ ಕೊಯ್ದು ತೋರಿಸು" ಅನ್ನುವವರು ಇದ್ದೇ ಇರುತ್ತಾರೆ. ನನಗಂತೂ ಸಾಕಾಗಿದೆ ಆ ಜೋಕು.

ಒಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಆ ಮೋಸ ನಡೆದದ್ದು ಪಂದ್ಯದಲ್ಲಿ, ಹಣಕ್ಕಾಗಿ. ದಾಖಲೆಯ ಅರ್ಜಿ ಬೇರೆ ಥರ. ಐಜಿಎಫ್‌ಎಗೆ ಕಳಿಸಬೇಕಾದರೆ ಮೀನನ್ನು ನೆಲದ ಮೇಲೆ, ಪ್ರಮಾಣೀಕರಿಸಿದ ತಕ್ಕಡಿಯಲ್ಲಿ ತೂಗಬೇಕು. ದೋಣಿಯಲ್ಲಿ ತೂಗಿದ್ದು ನಡೆಯುವುದಿಲ್ಲ. ಫೋಟೋ ಬೇಕು, ಸಾಕ್ಷಿ ಬೇಕು, ಗಾಳದ ದಾರದ ತುಂಡನ್ನೂ ಕಳಿಸಬೇಕು. ಮೀನು ತಾನೇ ಬಾಯಿ ಹಾಕಿ ಕಚ್ಚಿರಬೇಕು. ನಾರ್ತ್ ಡಕೋಟಾದಲ್ಲಿ 2019ರಲ್ಲಿ ಏನಾಯಿತು ನೋಡಿ. ಹಾರ್ಟ್ ನದಿಯಲ್ಲಿ 16 ಪೌಂಡ್ 9 ಔನ್ಸಿನ ವಾಲೈ ಸಿಕ್ಕಿತು, ಆಗಿದ್ದ ರಾಜ್ಯ ದಾಖಲೆಗಿಂತ 12 ಔನ್ಸ್ ಜಾಸ್ತಿ. ತೂಕದ ಬಗ್ಗೆ ಯಾರದ್ದೂ ತಕರಾರಿಲ್ಲ. ಆದರೆ ಕೊಕ್ಕೆ ಸಿಕ್ಕಿದ್ದು ಬಾಯಿಗಲ್ಲ, ಮೈಗೆ ಅಂತ ಇಲಾಖೆ ತೀರ್ಮಾನಿಸಿ ದಾಖಲೆ ಕೊಡಲಿಲ್ಲ. ಎರಡು ವರ್ಷದ ನಂತರ ಅಲ್ಲಿ ದಾಖಲೆ ಅಂತ ಒಪ್ಪಿಕೊಂಡ ಮೀನು 16 ಪೌಂಡ್ 6 ಔನ್ಸ್, ಕೈಬಿಟ್ಟ ಮೀನಿಗಿಂತ 3 ಔನ್ಸ್ ಕಮ್ಮಿ! ಅಂದರೆ ಪಟ್ಟಿಯಲ್ಲಿರುವುದೇ ನೀರಿನಲ್ಲಿದ್ದ ದೊಡ್ಡ ಮೀನು ಅಂತೇನೂ ಇಲ್ಲ. ಇನ್ನು ತೂಗದೆ ವಾಪಸ್ ಬಿಟ್ಟವು ಎಷ್ಟೋ. ಈಗಿನವರು ದೊಡ್ಡ ಹೆಣ್ಣು ಮೀನನ್ನು ಬಿಟ್ಟುಬಿಡುತ್ತಾರೆ, ಅದು ಒಳ್ಳೆಯದೇ. ಆದರೆ ಪ್ರಮಾಣೀಕರಿಸಿದ ತಕ್ಕಡಿಯ ತನಕ ತೆಗೆದುಕೊಂಡು ಹೋದರೆ ಮೀನು ಬದುಕುವುದು ಕಷ್ಟ. ಮೀನು ಬೇಕಾ, ಕಾಗದ ಬೇಕಾ ಅಂತ ನಿಂತಲ್ಲೇ ತೀರ್ಮಾನ ಮಾಡಬೇಕು.

ಮುರಿಯುತ್ತಾ ಅನ್ನುವ ಪ್ರಶ್ನೆಗೆ: ಈರಿಯಲ್ಲಂತೂ ನನಗೆ ನಂಬಿಕೆ ಇಲ್ಲ. ಇಲ್ಲಿ ವಾಲೈ ಸಂಖ್ಯೆ ಭರ್ಜರಿ, 2015 ಮತ್ತು 2018ರ ಮರಿಗಳಂತೂ ವಿಪರೀತ. ಹೊಸ ವರ್ಷದ ರಾತ್ರಿ ಪೋರ್ಟ್ ಕ್ಲಿಂಟನ್ ಊರಿನಲ್ಲಿ ದೈತ್ಯ ಫೈಬರ್‌ಗ್ಲಾಸ್ ವಾಲೈಯನ್ನು ಕ್ರೇನ್‌ನಿಂದ ಇಳಿಸಿ ಕುಣಿಯುತ್ತಾರೆ, ಅಷ್ಟು ಪ್ರೀತಿ. ಆದರೂ ಓಹಾಯೋ ದಾಖಲೆ 1999ರ ನವೆಂಬರ್‌ನಲ್ಲಿ ಸಿಕ್ಕ 16.19 ಪೌಂಡ್ ಮಾತ್ರ. 25ಕ್ಕೂ ಅದಕ್ಕೂ ಬಹಳ ದೂರ. ನನ್ನ ಆಸೆ ಎಲ್ಲ ಕೊಲಂಬಿಯಾ ನದಿಯ ಮೇಲೆ. ಅಲ್ಲಿ ವಾಲೈ ಹೊರಗಿನಿಂದ ಬಂದದ್ದು. ತಿಂದು ಕೊಬ್ಬುವುದಕ್ಕೆ ಅಲ್ಲಿ ಕೊರತೆ ಇಲ್ಲ, ಸಾಲ್ಮನ್ ಮರಿಗಳೂ ಅದರ ಬಾಯಿಗೆ. ಅದೇ ಈಗ ಅಡ್ಡಿ ಕೂಡ. ಸಾಲ್ಮನ್ ಉಳಿಸಬೇಕು ಅಂತ ವಾಷಿಂಗ್ಟನ್, ಒರೆಗಾನ್ ಎರಡೂ ಕಡೆ ಆ ನದಿಯ ಬಹುಭಾಗದಲ್ಲಿ ವಾಲೈಗೆ ಮಿತಿಯನ್ನೇ ತೆಗೆದುಹಾಕಿದ್ದಾರೆ, ಎಷ್ಟು ಬೇಕಾದರೂ ಹಿಡಿದು ತಿನ್ನಿ ಅಂತ. ಮುದಿ ಹೆಣ್ಣು ಮೀನು ಉಳಿಯಬೇಕಲ್ಲ! ಇನ್ನೊಂದು ಸಣ್ಣ ಆಸೆ ದಕ್ಷಿಣದಲ್ಲಿ. ಕೆಂಟಕಿಯವರು ರಾಕ್‌ಕ್ಯಾಸಲ್ ನದಿಯಲ್ಲಿ ಉಳಿದಿದ್ದ ಹಳೇ ತಳಿಯನ್ನು ಸಾಕಿ ಮತ್ತೆ ಬಿಡುತ್ತಿದ್ದಾರೆ, ವರ್ಜೀನಿಯಾದವರು ನ್ಯೂ ನದಿಯ ತಳಿಯನ್ನು. ಸೋಲಿಸಲು ಬೇಕಾಗಿರುವುದು 25 ಪೌಂಡಿನ ಮೇಲೆ ಇನ್ನೆರಡು ಔನ್ಸ್. ಪಂದ್ಯ ಕಟ್ಟು ಅಂದರೆ ಕೊಲಂಬಿಯಾದಲ್ಲಿ ಫೆಬ್ರವರಿ ಅಥವಾ ಮಾರ್ಚ್ ಅಂತ ಕಟ್ಟುತ್ತೇನೆ, ಆದರೆ ಜಾಸ್ತಿ ದುಡ್ಡು ಇಡುವುದಿಲ್ಲ.

ಕೊನೆಗೆ ನಿಮ್ಮ ಭಾವ. 31 ಇಂಚಿಗೆ ಸೂತ್ರದ ಪ್ರಕಾರ 11 ಪೌಂಡ್ ಬರುತ್ತದೆ. ಅವರು ಹೇಳುವುದು 13. ಎರಡು ಪೌಂಡ್ ಜಾಸ್ತಿ ಅಂತ ಈಗಲೇ ನಗಬೇಡಿ. ನಮ್ಮ ಓಹಾಯೋ ದಾಖಲೆಯ ಮೀನಿನ ಉದ್ದ 33 ಇಂಚು, ಸೂತ್ರದಲ್ಲಿ 13 ಪೌಂಡ್ ಚಿಲ್ಲರೆ ಬರುತ್ತದೆ, ತೂಗಿದಾಗ 16 ದಾಟಿತ್ತು. ದಪ್ಪ ಮೀನು ಸೂತ್ರವನ್ನು ಮೀರುತ್ತದೆ. ವಿನ್ನಿಪೆಗ್ ಸರೋವರದಿಂದ ಶರತ್ಕಾಲದಲ್ಲಿ ರೆಡ್ ನದಿಗೆ ಏರಿ ಬರುವ ಹಸಿರು ಬೆನ್ನಿನ ವಾಲೈಗಳು ದಪ್ಪಕ್ಕೇ ಹೆಸರುವಾಸಿ. ಆದ್ದರಿಂದ ಯಾವ ತಿಂಗಳು ಹಿಡಿದದ್ದು ಅಂತ ಕೇಳಿ, ಸುತ್ತಳತೆ ಅಳೆದರಾ ಅಂತ ಕೇಳಿ. ಸೆಪ್ಟೆಂಬರ್, ಅಕ್ಟೋಬರ್ ಅಂದರೆ, ಸುತ್ತಳತೆ 18ರಿಂದ 19 ಇಂಚು ಅಂದರೆ, 13 ಆಗಬಹುದು. ಜುಲೈ ಅಂದರೆ ನನಗೆ ಅನುಮಾನ. ಫೋಟೋದಲ್ಲಿ ಮೊಣಕೈ ಕಾಣುತ್ತಿದೆಯಾ ಅಂತಲೂ ನೋಡಿ. ಕೈ ಪೂರ್ತಿ ಕ್ಯಾಮೆರಾ ಕಡೆ ಚಾಚಿ ಹಿಡಿದರೆ ಎಂಥ ಮೀನೂ ದೈತ್ಯವಾಗಿಯೇ ಕಾಣುತ್ತದೆ, ಬೆರಳುಗಳು ಬಾಳೆಕಾಯಿಯಷ್ಟು ದಪ್ಪ ಕಂಡರೆ ಅಲ್ಲಿಗೆ ಗೊತ್ತಾಯಿತು.

ಅಂದಹಾಗೆ, ವಿನ್ನಿಪೆಗ್ ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಇರುವುದರಿಂದ ಅವರಿಗೆ ತೂಕದ ಚಿಂತೆಯೇ ಬೇಡ. ಅಲ್ಲಿ ಮಾಸ್ಟರ್ ಆಂಗ್ಲರ್ ಅಂತ ಮನ್ನಣೆ ಕೊಡುತ್ತಾರೆ, ಅದು ಉದ್ದದ ಮೇಲೆ, ವಾಲೈಗೆ 28 ಇಂಚು ಇದ್ದರೆ ಸಾಕು. ಅಳತೆಪಟ್ಟಿಯ ಪಕ್ಕ ಇಟ್ಟ ಫೋಟೋ ಇದ್ದರೆ ಅರ್ಜಿ ಹಾಕಲು ಹೇಳಿ. ಆ 13 ಪೌಂಡಿನ ವಿಷಯ ಮಾತ್ರ ಮನೆಯವರೆಲ್ಲ ಕೂತಾಗ ಎತ್ತಬೇಡಿ, ಅಕ್ಕ ಬೈಯುವುದು ನಿಮಗೆ.