ಓದುಗರ ಪ್ರಶ್ನೆ: ಆಚಾರಿಗೆ ಸ್ವಲ್ಪ ತಡೀರಿ ಅನ್ನಿ

ಪ್ರಶ್ನೆ: ಹಳೇ ಎಸ್ಟೇಟ್ ಬಂಗಲೆಯ ಸಾಮಾನು ಮಾರುವಾಗ ನಾಲ್ಕು ಡ್ರಾಯರಿನ ಮರದ ಬೀರು ಒಂದನ್ನು ತಗೊಂಡೆ. ಅಮೆರಿಕದ್ದು ಅಂತ ಹೇಳಿ ಕೊಟ್ಟರು. ಮುಂದೆ ಕಪ್ಪು ಕಂದು ಮರ, ಡ್ರಾಯರ್ ಎಳೆದರೆ ಪಕ್ಕದ್ದೆಲ್ಲ ತಿಳಿ ಹಸಿರು ಛಾಯೆಯ ಸಾದಾ ಮರ. ಮೂಲೆಯಲ್ಲಿ ಡವ್‌ಟೇಲ್ (ಪಾರಿವಾಳದ ಬಾಲದಾಕಾರದ ಹಲ್ಲುಗಳು ಒಂದರೊಳಗೊಂದು ಕೂರುವ ಜೋಡಣೆ) ಇಲ್ಲ. ಅರ್ಧಚಂದ್ರದ ಸಾಲು, ಒಂದೊಂದರ ನಡುವೆ ಒಂದು ದುಂಡು ಬೊಟ್ಟು. ಮಳೆ ಹಿಡಿದ ಮೇಲೆ ಎರಡು ಡ್ರಾಯರ್ ಬರುತ್ತಲೇ ಇಲ್ಲ. ಆಚಾರಿ ಕೀಸುಳಿ ಹಾಕಿ, ಹೊಸ ಪಾಲಿಶ್ ಹೊಡೀತೀನಿ ಅಂತಿದ್ದಾರೆ. ನಾನು ಮೋಸ ಹೋದೆನಾ?
– ಓದುಗರು, ವಿರಾಜಪೇಟೆ

ಉತ್ತರ: ಇಲ್ಲ ಮಾರಾಯ್ರೇ, ನಿಮ್ಮ ಪತ್ರದಲ್ಲೇ ಉತ್ತರ ಇದೆ. ಆ ಅರ್ಧಚಂದ್ರ ಮತ್ತು ಬೊಟ್ಟು ಇದೆಯಲ್ಲ, ಅದು ನ್ಯಾಪ್ ಜೋಡಣೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಚಾರ್ಲ್ಸ್ ನ್ಯಾಪ್ ಎಂಬಾತ 1867ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಕಾರ್ಖಾನೆಗಳಲ್ಲಿ ಬಳಕೆಗೆ ಬಂದಿದ್ದು 1870ರ ದಶಕದಲ್ಲಿ, 1900ರ ಹೊತ್ತಿಗೆ ಹೆಚ್ಚುಕಡಿಮೆ ಮಾಯ. ಡವ್‌ಟೇಲನ್ನೇ ಕೊರೆಯುವ ಯಂತ್ರಗಳು ಬಂದವು, ಜನಕ್ಕೂ ಹಳೇ ಕೈಕೆಲಸದ ನೋಟವೇ ಬೇಕೆನಿಸಿತು. ಹಾಗಾಗಿ ಈ ಗುರುತು ಸಿಕ್ಕರೆ ಬೀರುವಿನ ವಯಸ್ಸು ಸುಮಾರು ಮೂವತ್ತು ವರ್ಷದ ಅಂತರದೊಳಗೆ ಸಿಕ್ಕಿಬಿಡುತ್ತದೆ. ಯಂತ್ರದ ಕೆಲಸ ಅಂತ ಮೂಗು ಮುರಿಯುವವರಿದ್ದಾರೆ, ನನಗಂತೂ ಅದು ಒಪ್ಪಿಗೆಯಿಲ್ಲ. ಆ ಬೊಟ್ಟು ಸುಮ್ನೆ ಅಲಂಕಾರಕ್ಕಲ್ಲ. ಮರದಲ್ಲೇ ಕೊರೆದ ಗೂಟ ಅದು, ಎದುರಿನ ತೂತಿನಲ್ಲಿ ಗಟ್ಟಿಯಾಗಿ ಕೂರುತ್ತದೆ.

ಒಳಗೆ ಬೇರೆ ಮರ ಇರೋದು ಮೋಸ ಅಲ್ಲ, ರೂಢಿ. ಕಣ್ಣಿಗೆ ಕಾಣುವ ಕಡೆ ವಾಲ್‌ನಟ್‌ನಂಥ ದುಬಾರಿ ಮರ, ಕಾಣದ ಕಡೆ ಅಗ್ಗದ ಮರ. ಹಸಿರು ಛಾಯೆ ಅಂದಿದ್ದರಿಂದ ಟ್ಯೂಲಿಪ್ ಪಾಪ್ಲರ್ ಇರಬಹುದು, ಅದು ಅಮೆರಿಕದ ಪೂರ್ವ ಭಾಗದಲ್ಲಿ ಬೆಳೆಯುವ ಮರ. ಹಿಂಭಾಗದಲ್ಲಿ ಪ್ಲಸ್ ಗುರುತಿನ ಸ್ಕ್ರೂ ಕಂಡರೆ ಗಾಬರಿ ಬೇಡ. ಆ ಸ್ಕ್ರೂ ಬಂದಿದ್ದೇ 1930ರ ದಶಕದಲ್ಲಿ, ಯಾರೋ ಆಮೇಲೆ ರಿಪೇರಿ ಮಾಡಿಸಿದ್ದಾರೆ ಅಷ್ಟೇ.

ಈಗ ಕೀಸುಳಿ ವಿಷಯ. ದಯವಿಟ್ಟು ಬೇಡ. ಮರ ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ, ಅಡ್ಡಕ್ಕೆ ಜಾಸ್ತಿ. ಡ್ರಾಯರಿನ ಪಕ್ಕದ ಹಲಗೆಗೆ ಅಡ್ಡ ಅಂದ್ರೆ ಎತ್ತರ. ಕೊಡಗಿನ ಮಳೆಗಾಲದಲ್ಲಿ ಅದು ಎತ್ತರಕ್ಕೆ ಉಬ್ಬಿ ಮೇಲ್ಗಡೆ ಕಚ್ಚಿಕೊಳ್ಳುತ್ತದೆ. ಜುಲೈಯಲ್ಲಿ ಕೆತ್ತಿಸಿದರೆ ಫೆಬ್ರವರಿಯಲ್ಲಿ ಅದೇ ಡ್ರಾಯರ್ ಲೊಡಲೊಡ ಅನ್ನುತ್ತೆ, ಹೋದ ಮರವನ್ನು ಆಮೇಲೆ ಎಲ್ಲಿಂದ ತರೋದು? ಬಲವಂತವಾಗಿ ಎಳೆಯಲೂಬೇಡಿ, ಹಿಡಿಯೇ ಕಿತ್ತು ಬಂದೀತು. ಬೀರುವನ್ನು ಹೊರಗೋಡೆಯಿಂದ ಸ್ವಲ್ಪ ಈಚೆ ಸರಿಸಿ, ಮಳೆ ಮುಗಿದು ಮರ ಒಣಗಲಿ, ಆಗ ಡ್ರಾಯರ್ ಹೊರಗೆ ತೆಗೆದು ಕೆಳಗಿನ ಅಂಚಿಗೂ ಅದು ಜಾರುವ ಪಟ್ಟಿಗೂ ಬಿಳಿ ಮೇಣದಬತ್ತಿ ತಿಕ್ಕಿ. ತಳದ ಹಲಗೆ ಪಕ್ಕದ ಹಲಗೆಯಲ್ಲಿ ಕೊರೆದ ಸಂದಿನಲ್ಲಿ ಸಡಿಲವಾಗಿ ಕೂತಿದ್ದರೆ ಅಂಟು ಹಾಕಿಸಬೇಡಿ. ಹಿಗ್ಗಿ ಕುಗ್ಗಲಿ ಅಂತಲೇ ಹಾಗೆ ಬಿಟ್ಟಿರುತ್ತಾರೆ, ಬಿಗಿದರೆ ಸೀಳುತ್ತೆ.

ಪಾಲಿಶ್‌ಗೆ ಮೊದಲು ಒಂದು ಪರೀಕ್ಷೆ. ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ ನೋಡಿ. ಅಂಟಂಟಾದರೆ ಅದು ಅರಗಿನ ಪಾಲಿಶ್. ಆ ಕಾಲದಲ್ಲಿ ಅರಗು ಹೆಚ್ಚಾಗಿ ಹೋಗುತ್ತಿದ್ದುದು ನಮ್ಮ ದೇಶದಿಂದಲೇ, ಮುತ್ತುಗದಂಥ ಮರದಲ್ಲಿ ಹುಳ ಕಟ್ಟುವ ಅರಗು! ಅಂಥ ಪಾಲಿಶನ್ನು ಕೆರೆದು ಹೊಸ ಮೆಲಮೈನ್ ಹೊಡೆಸಿದರೆ ಬೀರುವಿನ ಬೆಲೆ ಅಲ್ಲೇ ಇಳಿಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಮೇಣದ ಪಾಲಿಶ್ ಕೊಡಿಸಿ, ಸಾಕು.

ಹಾಂ, ಸಣ್ಣ ತೂತಿನಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಮಾತ್ರ ಕಾಯಬೇಡಿ. ಅದು ಕುಟ್ಟೆ ಹುಳ, ಮನೆಯ ಬೇರೆ ಮರದ ಸಾಮಾನಿಗೂ ಹಬ್ಬೀತು. ಬೀರುವನ್ನು ಬೇರೆ ಕೋಣೆಗೆ ಹಾಕಿ ಇವತ್ತೇ ಔಷಧಿ ಹೊಡೆಸಿ.