ಮುಚ್ಚಿಟ್ಟದ್ದು ಬಯಲಾಗುವುದು ಯಾವಾಗ?

ಪ್ರಶ್ನೆ: ಜೊತೆಯಲ್ಲಿ ಕೆಲಸ ಮಾಡುವ ಒಬ್ಬರು ಸುಳ್ಳು ಲೆಕ್ಕ ಬರೆದೇ ಮೇಲೆ ಬಂದರು. ಎಲ್ಲರೂ ಅವರನ್ನೇ ಹೊಗಳುತ್ತಾರೆ. ನಾನು ಸದ್ದಿಲ್ಲದೆ ಮಾಡಿದ ಸಹಾಯ ಯಾರಿಗೂ ಗೊತ್ತಿಲ್ಲ. ಮರೆಯಾಗಿರುವುದೆಲ್ಲ ಬೆಳಕಿಗೆ ಬರುತ್ತದೆ ಎಂದು ಬೈಬಲ್ ಹೇಳುತ್ತದೆ ಅಲ್ವಾ? ಯಾವಾಗ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಬೈಬಲಿನಲ್ಲಿ ಅಪೊಸ್ತಲ ಪೌಲನು ತನ್ನ ಜೊತೆಗಾರ ತಿಮೊಥೆಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯ ತೆಗೆಯಿರಿ, 24 ಮತ್ತು 25ನೇ ವಚನ. ಕೆಲವರ ಪಾಪ ಅವರಿಗಿಂತ ಮೊದಲೇ ನ್ಯಾಯವಿಚಾರಣೆಗೆ ಹೋಗಿ ನಿಂತಿರುತ್ತದೆ, ಇನ್ನು ಕೆಲವರದ್ದು ಬೆನ್ನ ಹಿಂದೆ ಬರುತ್ತದೆ. ಒಳ್ಳೆಯ ಕೆಲಸವೂ ಅಷ್ಟೇ, ಇವತ್ತು ಕಾಣದಿದ್ದರೂ ಮರೆಯಾಗಿಯೇ ಇರಲಾರದು. ಇದು ಎಫೆಸ ಪಟ್ಟಣದ ಕ್ರೈಸ್ತ ಸಭೆಗೆ ಹಿರಿಯರನ್ನು ಆರಿಸುವಾಗ ಕೊಟ್ಟ ಬುದ್ಧಿಮಾತು. ಅವಸರಪಟ್ಟು ಯಾರ ತಲೆಯ ಮೇಲೂ ಕೈಯಿಡಬೇಡ, ಅಂದರೆ ಯಾರನ್ನೂ ಆ ಹೊಣೆಗೆ ನೇಮಿಸಬೇಡ ಎಂದು 22ನೇ ವಚನದಲ್ಲೇ ಹೇಳಿದ್ದಾನೆ. ಮನುಷ್ಯರ ನಿಜ ತಿಳಿಯಲು ಟೈಮ್ ಬೇಕು.

ಯೆಹೋಶುವ 7ನೇ ಅಧ್ಯಾಯದ ಆಕಾನನನ್ನು ನೋಡಿ. ಇಸ್ರಾಯೇಲ್ಯರು ಗೆದ್ದ ಯೆರಿಕೋ ಪಟ್ಟಣದಿಂದ ಒಂದು ಚೆಂದದ ನಿಲುವಂಗಿ, 200 ಶೆಕೆಲ್ ಬೆಳ್ಳಿ, 50 ಶೆಕೆಲ್ ತೂಕದ ಚಿನ್ನದ ಗಟ್ಟಿ ಕದ್ದು, ಡೇರೆಯೊಳಗೆ ನೆಲ ಅಗೆದು ಹೂತಿಟ್ಟ. ಹೂತಿಟ್ಟ ಬಟ್ಟೆ ತೊಟ್ಟು ಓಡಾಡುವುದಾದರೂ ಹೇಗೆ? ಸಿಕ್ಕಿಬೀಳುವ ಮೊದಲೇ ಅದು ಅವನ ಉಪಯೋಗಕ್ಕಿರಲಿಲ್ಲ.

ಯೊಪ್ಪದ ತಬಿಥಾಳ ಕಥೆಯಲ್ಲೂ ಬಟ್ಟೆಗಳೇ ಇವೆ. ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯ. ಅವಳು ಕಾಯಿಲೆ ಬಿದ್ದು ಸತ್ತಳು. ಶವವನ್ನು ಮೇಲಿನ ಕೋಣೆಯಲ್ಲಿ ಮಲಗಿಸಿದ್ದರು. ಯೇಸುವಿನ ಶಿಷ್ಯ ಪೇತ್ರ ಬಂದಾಗ ವಿಧವೆಯರು ಅಳುತ್ತಾ ಸುತ್ತ ನಿಂತು, ಅವಳು ಇದ್ದಾಗ ಮಾಡಿಕೊಟ್ಟ ಅಂಗಿಗಳನ್ನು, ಬಟ್ಟೆಗಳನ್ನು ತೋರಿಸಿದರು. ಈ ಭಾಗ ಓದುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ನಿಮ್ಮ ಸಹಾಯ ಯಾರಿಗೂ ಗೊತ್ತಿಲ್ಲ ಅಂತೀರಿ. ಪಡೆದವರಿಗೆ ಗೊತ್ತಿದೆ. ಗುಟ್ಟಾಗಿ ಕೊಟ್ಟದ್ದನ್ನು ತಂದೆಯಾದ ದೇವರು ನೋಡುತ್ತಾನೆ ಎಂದು ಯೇಸುವೇ ಹೇಳಿದ್ದಾನೆ (ಮತ್ತಾಯ 6:4).

ಆದರೆ ಆ ಸುಳ್ಳು ಲೆಕ್ಕದಿಂದ ಯಾರಿಗಾದರೂ ನಷ್ಟವಾಗುತ್ತಿದ್ದರೆ ಸುಮ್ನೆ ಕಾಯಬೇಡಿ. ನಿಮಗೆ ಖಚಿತವಾಗಿ ಗೊತ್ತಿರುವಷ್ಟನ್ನು ಸಂಬಂಧಪಟ್ಟವರಿಗೆ ತಿಳಿಸಿ. ಅದು ಹಗೆ ತೀರಿಸಿಕೊಂಡಂತೆ ಆಗುವುದಿಲ್ಲ. ಆ ವ್ಯಕ್ತಿ ಒಳಗೆ ಎಂಥವರು ಅನ್ನುವುದನ್ನು ಮಾತ್ರ ದೇವರಿಗೆ ಬಿಡಿ.

ಇನ್ನು, ಯಾವಾಗ? ಕೆಲವು ಇಲ್ಲೇ ಬಯಲಾಗುತ್ತವೆ, ಎಲ್ಲವೂ ಅಲ್ಲ. ಕರ್ತನು ಬರುವ ತನಕ ತೀರ್ಪು ಮಾಡಬೇಡಿ, ಕತ್ತಲಲ್ಲಿ ಅಡಗಿರುವುದನ್ನು ಅವನೇ ಬೆಳಕಿಗೆ ತರುತ್ತಾನೆ ಎಂದು ಪೌಲ ಕೊರಿಂಥದವರಿಗೆ ಬರೆದ (1 ಕೊರಿಂಥ 4:5). ಆ ವಚನ ಶಿಕ್ಷೆಯ ಮಾತಿನಿಂದ ಮುಗಿಯುತ್ತದೆ ಅಂದುಕೊಳ್ಳುವವರೇ ಜಾಸ್ತಿ. ಅಲ್ಲಿ ಕೊನೆಗಿರುವುದು, ಆಗ ಪ್ರತಿಯೊಬ್ಬರಿಗೂ ಬರಬೇಕಾದ ಹೊಗಳಿಕೆ ದೇವರಿಂದ ಬರುತ್ತದೆ ಅಂತ.